ತಾರೆ ಕಟ್ಟಿಸಿದ ಆಸ್ಪತ್ರೆ

ನಮ್ಮ ವಿದ್ಯಾರ್ಥಿಗಳಿಗೆ ಚಿತ್ರತಾರೆಯರ ಹೆಸರುಗಳೆಲ್ಲ ಕಂಠಪಾಠವಾಗಿವೆ. ಮಗ್ಗಿ ಒಪ್ಪಿಸಲು ತಡವರಿಸುವವರೂ ಚಿತ್ರಗಳ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಇದಕ್ಕಾಗಿ ಅವರನ್ನು ಗದರಿಸಲು ನಮಗೆ ಮನಸ್ಸಿಲ್ಲ; ಆ ವಯಸ್ಸಿನಲ್ಲಿ ನಾವೂ ಹಾಗೆಯೇ ಇದ್ದೆವು. ಆದರೆ ತಾರೆಯೊಬ್ಬರನ್ನು ಮೆಚ್ಚುವುದಾದರೆ ಯಾವ ಗುಣಕ್ಕಾಗಿ ಮೆಚ್ಚಬೇಕು? ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಬ್ಬ ಕನ್ನಡ ನಟಿಯ ಮಾತನ್ನು ಇಲ್ಲಿ ಹೇಳಬಯಸುತ್ತೇವೆ.

ಲೀಲಾವತಿಯವರು ದಕ್ಷಿಣ ಕನ್ನಡದ ಬೆಳ್ತಂಗಡಿಯವರು. ಬಾಲ್ಯದಲ್ಲಿಯೇ ತಾಯ್ತಂದೆಯರನ್ನು ಕಳೆದುಕೊಂಡು ಬಡತನದಲ್ಲಿ ಬೆಳೆದರು. 1960ರ ‘ರಣಧೀರ ಕಂಠೀರವ’, 1969ರ ‘ಗೆಜ್ಜೆಪೂಜೆ’ ಮೊದಲಾದ ನೂರಾರು ಚಿತ್ರಗಳಲ್ಲಿ ನಟಿಸಿದರು. ಮುಪ್ಪಿನಲ್ಲಿ ಅವರು ನೆಲೆನಿಂತದ್ದು ನಗರದ ಬಂಗಲೆಯಲ್ಲಲ್ಲ. ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ, ಮಗ ವಿನೋದ್ ರಾಜ್ ಅವರೊಡನೆ ತೋಟ ಮಾಡಿಕೊಂಡು. ಹಳ್ಳಿಯ ಜನ ಕಾಯಿಲೆಯಾದರೆ ದೂರ ಹೋಗಬೇಕಾಗಿದ್ದುದನ್ನು ಕಂಡು, ಚೆನ್ನೈಯಲ್ಲಿದ್ದ ತಮ್ಮ ಆಸ್ತಿಯನ್ನು ಮಾರಿ ಅಲ್ಲಿ ಆಸ್ಪತ್ರೆಯ ಕಟ್ಟಡವನ್ನು ಕಟ್ಟಿಸಿದರು. ಅಷ್ಟಕ್ಕೇ ತೃಪ್ತರಾಗದೆ ಮೂಕಪ್ರಾಣಿಗಳಿಗೂ ಒಂದು ಆಸ್ಪತ್ರೆಯಾಗಬೇಕೆಂದು ಹಂಬಲಿಸಿದರು. ಹಸು ಮಲಗಿದರೆ ರೈತನ ಮನೆಯೇ ಮಲಗಿದಂತೆ ಎಂಬುದನ್ನು ಮಣ್ಣಿನಲ್ಲಿ ದುಡಿದವರು ಬಲ್ಲರು. ಆ ಪಶು ಆಸ್ಪತ್ರೆ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಕೆಲವೇ ದಿನಗಳ ಬಳಿಕ, ಡಿಸೆಂಬರ್ 8ರಂದು, ಲೀಲಾವತಿಯವರು ತೀರಿಕೊಂಡರು.

ದೂರದೇಶದ ನಟಿ ಆಡ್ರೆ ಹೆಪ್‌ಬರ್ನ್ ಅವರ ಬಾಳಿನಲ್ಲಿಯೂ ಇಂಥದೇ ಒಂದು ಸಂಗತಿಯುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೆದರ್‌ಲೆಂಡ್ಸಿನಲ್ಲಿ ಹಸಿವನ್ನು ಉಂಡು ಬೆಳೆದ ಆಕೆ, 1988ರಿಂದ ಯುನಿಸೆಫ್ ಸಂಸ್ಥೆಯ ರಾಯಭಾರಿಯಾಗಿ ಇಥಿಯೋಪಿಯಾ, ಸೊಮಾಲಿಯಾಗಳ ಹಸಿದ ಮಕ್ಕಳ ಬಳಿಗೆ ಹೋದರು. ತಾವು ಪಟ್ಟ ಕಷ್ಟವನ್ನು ಮರೆಯದವರಿಗೆ ಪರರ ಕಷ್ಟ ಬೇಗ ಕಾಣುತ್ತದೆ.

ಆಸ್ಪತ್ರೆ ಕಟ್ಟಿಸುವುದು ಸರ್ಕಾರದ ಕೆಲಸ, ನಟಿಗೇಕೆ ಆ ಉಸಾಬರಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದುದೇ. ಒಬ್ಬರ ಔದಾರ್ಯವನ್ನು ಹೊಗಳುತ್ತ ಸರ್ಕಾರ ತನ್ನ ಹೊಣೆಯನ್ನು ಮರೆಯಬಾರದು. ಕಟ್ಟಡವೊಂದಿದ್ದರೆ ಆಸ್ಪತ್ರೆಯಾಗದು, ವೈದ್ಯರು ಬರಬೇಕು, ದಾದಿಯರಿರಬೇಕು, ಔಷಧ ಸಿಗಬೇಕು. ಅದನ್ನು ನಡೆಸುವುದು ಸರ್ಕಾರದ ಕರ್ತವ್ಯ. ನಡೆಯುತ್ತಿದೆಯೇ ಎಂದು ನೋಡುವುದು ಊರಿನವರ ಕರ್ತವ್ಯ. ಆದರೆ ಕಣ್ಣೆದುರಿನ ಕೊರತೆಯನ್ನು ಕಂಡು, ಯಾರಾದರೂ ಮಾಡಲಿ ಎಂದು ಕೈಕಟ್ಟಿ ಕೂರದ ಮನಸ್ಸು ದೊಡ್ಡದು. ಆ ಮನಸ್ಸೇ ನಮ್ಮ ಮೆಚ್ಚುಗೆಗೆ ಅರ್ಹವಾದುದು.

“ಅವರ ಬಳಿ ಆಸ್ತಿಯಿತ್ತು, ಮಾರಿದರು, ನಮ್ಮ ಬಳಿ ಏನಿದೆ?” ಎಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ನಮ್ಮದೇ ಅನುಭವವನ್ನು ಹೇಳುತ್ತೇವೆ. ನಾಗಪುರಕ್ಕೆ ಬಂದ ಹೊಸತರಲ್ಲಿ ತಾಯಿಯವರನ್ನು ಇಲ್ಲಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ನಮ್ಮ ಮರಾಠಿ ಆಗ ಪೇಟೆಯಲ್ಲಿ ತರಕಾರಿ ಕೊಳ್ಳುವಷ್ಟು ಮಾತ್ರ. ತಾಯಿಯವರು “ಹೊಟ್ಟೆ ತೊಳಸುತ್ತದೆ, ಎದೆ ಉರಿಯುತ್ತದೆ” ಎನ್ನುತ್ತಿದ್ದರು. ವೈದ್ಯರಿಗೆ ಅದನ್ನು ತಿಳಿಸಲಾರದೆ ನಾವು ಕೈಸನ್ನೆ ಮಾಡುತ್ತ ನಿಂತೆವು. ಸಾಲಿನಲ್ಲಿದ್ದ ಹುಡುಗನೊಬ್ಬ ನಮ್ಮ ಕನ್ನಡ ಕೇಳಿ ಮುಂದೆ ಬಂದ. “ಅಮ್ಮಾ, ಎಲ್ಲಿ ನೋಯುತ್ತದೆ ಹೇಳಿ” ಎಂದು ಕೇಳಿ, ಎಲ್ಲವನ್ನೂ ಮರಾಠಿಯಲ್ಲಿ ವಿವರಿಸಿದ. ಗುಳಿಗೆಗಳನ್ನು ಯಾವಾಗ ನುಂಗಬೇಕೆಂಬುದನ್ನು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟ. ಶಾಲೆಗೆ ಹೊತ್ತಾಯಿತೆಂದು ಹೆಸರನ್ನೂ ಹೇಳದೆ ಓಡಿಹೋದ. ಅವನು ನಮಗಾಗಿ ಒಂದು ಕಾಸನ್ನೂ ಖರ್ಚು ಮಾಡಲಿಲ್ಲ. ಆದರೂ ಆ ಋಣ ನಮ್ಮ ಮೇಲೆ ಇಂದಿಗೂ ಇದೆ.

ಮಕ್ಕಳೇ, ನಿಮ್ಮಲ್ಲಿ ಬಹುಮಂದಿಗೆ ಮನೆಯ ಕನ್ನಡ, ಬೀದಿಯ ಮರಾಠಿ, ಹಿಂದಿ ಮೂರೂ ಬರುತ್ತವೆ. ಇದು ನಿಮ್ಮ ಆಸ್ತಿ. ಮಾರದೆಯೇ ದಾನ ಮಾಡಬಹುದಾದ ಆಸ್ತಿ. ಹೊಟ್ಟೆಪಾಡಿಗಾಗಿ ಈ ಊರಿಗೆ ಹೊಸದಾಗಿ ಬಂದ ಕನ್ನಡಿಗರು ಮೇಯೋ ಆಸ್ಪತ್ರೆಯಲ್ಲಿಯೋ ಮೆಡಿಕಲ್‌ನಲ್ಲಿಯೋ ಚೀಟಿ ಹಿಡಿದು ದಿಕ್ಕು ತೋಚದೆ ನಿಂತಿದ್ದರೆ, ನಿಮ್ಮ ನಾಲ್ಕು ಮಾತು ಅವರಿಗೆ ಅರ್ಧ ಔಷಧ. ಲೀಲಾವತಿಯವರ ಭಾವಚಿತ್ರವನ್ನು ಪುಸ್ತಕಕ್ಕೆ ಅಂಟಿಸಿಕೊಳ್ಳಿರಿ, ನಮ್ಮ ಅಡ್ಡಿಯಿಲ್ಲ. ಅದನ್ನು ಕಂಡಾಗಲೆಲ್ಲ ಸೋಲದೇವನಹಳ್ಳಿಯ ಆ ಎರಡು ಕಟ್ಟಡಗಳು ನೆನಪಾಗಲಿ.