ಹಗ್ಗದ ಎರಡೂ ತುದಿಗೆ ತರಬೇತಿ ಬೇಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹೊಸ ಬಡಾವಣೆಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟವರಿಗೆ ಈ ದೃಶ್ಯ ಅಪರಿಚಿತವೇನಲ್ಲ. ದಪ್ಪ ಸರಪಳಿಯ ಒಂದು ತುದಿಯಲ್ಲಿ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್. ಇನ್ನೊಂದು ತುದಿಯಲ್ಲಿ ಎರಡೂ ಕೈಗಳಿಂದ ಜಗ್ಗುತ್ತ, ಗದರುತ್ತ ಬೆವರುವ ಯಜಮಾನರು. ಎದುರಿಗೆ ಬೀದಿನಾಯಿಯೊಂದು ಕಂಡರೆ ಸಾಕು, ಸಾಕುನಾಯಿ ಹಿಂಗಾಲಿನ ಮೇಲೆ ನಿಂತು ಬೊಗಳುತ್ತದೆ. ಹಾಲು ತರಲು ಹೊರಟ ಹುಡುಗಿ ಹೆದರಿ ರಸ್ತೆಯ ಆಚೆ ಬದಿಗೆ ಸರಿಯುತ್ತಾಳೆ. ಕೆಲವು ದಿನಗಳಲ್ಲಿ ಆ ನಾಯಿಯನ್ನು ಹೊರಗೆ ಕರೆದೊಯ್ಯುವುದೇ ನಿಲ್ಲುತ್ತದೆ. ಗೇಟಿನ ಪಕ್ಕದ ಗೂಟಕ್ಕೆ ದಿನವಿಡೀ ಕಟ್ಟಿಸಿಕೊಂಡ ಅದು ಮತ್ತಷ್ಟು ಕೆರಳುತ್ತದೆ.

ಈ ಸೀಮೆಗೆ ನಾಯಿ ಹೊಸದಲ್ಲ, ಹಗ್ಗ ಹೊಸದು. ಕುರಿಹಿಂಡಿನ ಜೊತೆ ನಡೆಯುವ ನಾಯಿಗೆ, ಹೊಲದ ಗುಡಿಸಲು ಕಾಯುವ ನಾಯಿಗೆ, ಬೇಡವಾದದ್ದು ಎದುರಾದಾಗ ದೂರ ಸರಿಯುವ ಸ್ವಾತಂತ್ರ್ಯವಿರುತ್ತದೆ. ಕೊರಳಿಗೆ ಹಗ್ಗ ಬಿದ್ದೊಡನೆ ಸರಿಯುವ ದಾರಿ ಮುಚ್ಚಿ, ಹೆದರಿಸುವ ದಾರಿಯೊಂದೇ ಉಳಿಯುತ್ತದೆ. ನಾವು ಸಿಟ್ಟು ಎಂದು ಭಾವಿಸುವುದರಲ್ಲಿ ಹೆಚ್ಚಿನದು ಭಯ; ಎಳೆಯ ನಾಯಿಗಳಲ್ಲಿ ಕೆಲವೊಮ್ಮೆ, ಎದುರಿನ ನಾಯಿಯ ಬಳಿ ಹೋಗಲಾಗದ ಚಡಪಡಿಕೆ. ಬೊಗಳಿದಾಗ ಎದುರಿನ ನಾಯಿ ಮುಂದೆ ಸಾಗುತ್ತದೆ. ಅದು ಹೇಗೂ ಸಾಗುವುದರಲ್ಲಿಯೇ ಇತ್ತು. ಆದರೆ ನಮ್ಮ ನಾಯಿಯ ಲೆಕ್ಕದಲ್ಲಿ ಅದು ಬೊಗಳಿದ್ದರ ಫಲ.

ರಾಮದುರ್ಗದ ನೆರೆಯ ಮುಧೋಳದ ನಾಯಿಯ ವಿಷಯ ಸ್ವಲ್ಪ ಬೇರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ, 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪಿಸಿದ ಈ ತಳಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವಂಥದು. ಚಲಿಸುವ ವಸ್ತುವನ್ನು ಬೆನ್ನಟ್ಟುವುದೇ ಅದರ ಹುಟ್ಟುಗುಣ. ಓಡುವ ಆಡು, ಬೈಕು, ಚೆಂಡಿನ ಹಿಂದೆ ಹೋಗುವ ಮಗು, ಎಲ್ಲವೂ ಅದರ ಕಣ್ಣಿಗೆ ಒಂದೇ. ಇಂಥ ನಾಯಿಯನ್ನು ಪ್ರತಿಷ್ಠೆಗಾಗಿ ಮೂವತ್ತು-ನಲವತ್ತರ ನಿವೇಶನದಲ್ಲಿ ತಂದು ಕಟ್ಟಿ, ಅದಕ್ಕೆ ಶಿಸ್ತಿಲ್ಲ ಎಂದು ದೂರುವುದು ನ್ಯಾಯವಲ್ಲ.

ಹಾಗಾದರೆ ಪರಿಹಾರವೇನು? ಮೊದಲನೆಯದು ಅಂತರ. ಯಾವುದೇ ನಾಯಿಗೆ, ಎದುರಿನದನ್ನು ಕಂಡರೂ ಇನ್ನೂ ಕೆರಳದೆ ಇರುವ ಒಂದು ದೂರವಿರುತ್ತದೆ. ಒಂದಕ್ಕೆ ಐವತ್ತು ಅಡಿ, ಇನ್ನೊಂದಕ್ಕೆ ಇನ್ನೂರು ಅಡಿ. ಆ ದೂರದಲ್ಲಿ ನಿಂತು, ನಮ್ಮ ನಾಯಿ ಎದುರಿನ ನಾಯಿಯನ್ನು ನೋಡಿದ ಕ್ಷಣವೇ ಬೇಯಿಸಿದ ಕೋಳಿಯ ಅಥವಾ ಮೊಟ್ಟೆಯ ಸಣ್ಣ ತುಣುಕು ಕೊಡಬೇಕು. ಎದುರಿನದು ಮರೆಯಾದೊಡನೆ ನಿಲ್ಲಿಸಬೇಕು. (ನಿತ್ಯ ಸಿಗುವ ರೊಟ್ಟಿಯ ಚೂರಿಗೆ ಈ ಕೆಲಸದಲ್ಲಿ ಬೆಲೆಯಿಲ್ಲ.) ನೋಟ ಮೊದಲು, ತಿನಿಸು ನಂತರ, ಈ ಕ್ರಮ ತಪ್ಪಬಾರದು. ರಷ್ಯಾದ ಪಾವ್ಲೋವ್ ನೂರು ವರ್ಷಗಳಿಗೂ ಹಿಂದೆ ನಾಯಿಗಳಲ್ಲಿಯೇ ತೋರಿಸಿಕೊಟ್ಟ ತತ್ವವಿದು. ವಾರಗಳು ಕಳೆದಂತೆ ನಾಯಿ ಎದುರಿನದನ್ನು ಕಂಡೊಡನೆ ಯಜಮಾನನತ್ತ ಮುಖ ತಿರುಗಿಸತೊಡಗುತ್ತದೆ. ಆಗ ಕೆಲವೇ ಹೆಜ್ಜೆ ಹತ್ತಿರ ಹೋಗಬಹುದು. ನಡುವೆ ಬೊಗಳಿತೆಂದರೆ ನಾವು ತೀರ ಹತ್ತಿರ ಬಂದಿದ್ದೇವೆ ಎಂದರ್ಥ. ಗದರದೆ ತಿರುಗಿ ನಡೆಯಬೇಕು.

ಇದಕ್ಕೆ ಪೇಟೆಯ ಓಣಿ ತಕ್ಕ ಸ್ಥಳವಲ್ಲ. ಊರಂಚಿನ ಹೊಲದ ದಾರಿ ಉತ್ತಮ. ಸುಗ್ಗಿ ಮುಗಿದ ಎರೆಭೂಮಿಯಲ್ಲಿ ದೂರದಿಂದಲೇ ಎಲ್ಲವೂ ಕಾಣುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಜನಸಾಗರ ಹರಿಯುವ ದಿನಗಳಲ್ಲಿ ಸವದತ್ತಿಯವರು, ಉತ್ಸವದ ದಿನಗಳಲ್ಲಿ ಕಿತ್ತೂರಿನವರು ಪಾಠಕ್ಕೆ ರಜೆ ಕೊಡುವುದೇ ಲೇಸು. ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರು ಯಾವ ತರಬೇತಿಯನ್ನೂ ಕೆಡಿಸಬಲ್ಲದು. ಸರಪಳಿಯ ಬದಲು ಆರಡಿಯ ನೂಲಿನ ಹಗ್ಗ, ಕೊರಳಪಟ್ಟಿಯ ಬದಲು ಎದೆಗೆ ತೊಡಿಸುವ ಪಟ್ಟಿ ಇರಲಿ. ಹಗ್ಗ ಸಡಿಲವಾಗಿ ಜೋತುಬಿದ್ದಿರಲಿ. ಹಿಂದೆ ಕಚ್ಚಿದ ನಾಯಿಗೆ ಬಾಯಿಬುಟ್ಟಿ ಅಗತ್ಯ. ಆದರೆ ಅದು ಬಾಯಿ ತೆರೆದು ಏದುಸಿರು ಬಿಡಲು ಅವಕಾಶವಿರುವಂಥದಾಗಿರಬೇಕು. ಶಾಂತವಾಗಿದ್ದ ನಾಯಿ ಹಠಾತ್ತನೆ ಬದಲಾದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಿವಿಯ ಅಥವಾ ಕೀಲಿನ ನೋವೂ ಕಾರಣವಾಗಿರಬಹುದು.

‘ನಾಲ್ಕು ಬಿಟ್ಟರೆ ಸರಿಹೋಗುತ್ತದೆ’ ಎಂಬ ವಾದ ನಮ್ಮಲ್ಲಿ ಪ್ರಬಲವಾಗಿದೆ. ಏಟಿಗೆ ನಾಯಿ ಸುಮ್ಮನಾಗುವುದು ನಿಜ. ಆದರೆ ಗುರುಗುಟ್ಟುವುದು ಅದರ ಎಚ್ಚರಿಕೆ. ಎಚ್ಚರಿಕೆಗೆ ಶಿಕ್ಷೆ ಕೊಟ್ಟರೆ ಮುಂದೊಮ್ಮೆ ಅದು ಎಚ್ಚರಿಸದೆಯೇ ಕಚ್ಚಬಹುದು. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಅಭ್ಯಸಿಸಿ 2020ರಲ್ಲಿ ಪ್ರಕಟವಾದ ಸಂಶೋಧನೆಯು, ಶಿಕ್ಷೆಯ ಮೂಲಕ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚು ಎಂದು ಕಂಡುಕೊಂಡಿತು.

ಬೀದಿನಾಯಿಗಳು ತಾವಾಗಿಯೇ ಮೈಮೇಲೆ ಬರುವ ನಮ್ಮ ಊರುಗಳಲ್ಲಿ ಅಂತರವೆಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಮುಂಚಿತವಾಗಿ ತಿರುಗುವುದು, ನಿಂತ ವಾಹನದ ಮರೆ ಪಡೆಯುವುದು, ಇವೆಲ್ಲ ಅರ್ಧ ಉತ್ತರಗಳು. ಉಳಿದರ್ಧ ಪುರಸಭೆಗಳ ಕೈಯಲ್ಲಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಂತಾನಹರಣ ಹಾಗೂ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೇ ವಹಿಸಿವೆ. ಮಾಂಸದಂಗಡಿಯ ತ್ಯಾಜ್ಯ ಸಕಾಲಕ್ಕೆ ವಿಲೇವಾರಿಯಾಗದ ಕಡೆ ನಾಯಿಗಳ ಗುಂಪು ನೆಲೆಯೂರುವುದು ಸಹಜ.

ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚ ಎಂಬ ಕಲ್ಪನೆಯಿದೆ. ನಾಯಿ ಸಾಕುವ ಸುಖ ಒಬ್ಬರದು. ದಾರಿ ಬದಲಿಸುವ ತೊಂದರೆ ಆ ಹಾಲಿನ ಹುಡುಗಿಯದು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಸಾಕುಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ತೋರಿದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ವಿಧಿಸುತ್ತದೆ. ಆದರೆ ಅದು ಅನ್ವಯವಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರವು 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿರಲಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿಯೇ ಅದನ್ನು ರದ್ದುಪಡಿಸಿತು. ಸರ್ಕಾರಿ ಕಚೇರಿಗಳಲ್ಲಿ ಪಟ್ಟಿ ತಯಾರಿಸುವುದು ಸುಲಭ, ಕಲಿಸುವ ಏರ್ಪಾಡು ಮಾಡುವುದು ಕಷ್ಟ ಎಂಬುದನ್ನು ಬಲ್ಲವರೆಲ್ಲ ಬಲ್ಲರು.

ಹೀಗಿದ್ದರೂ ಏರ್ಪಾಡಿಗೆ ದೊಡ್ಡ ಅನುದಾನವೇನೂ ಬೇಕಿಲ್ಲ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಪಶುಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ನಡೆಸಿದರೆ, ನಾಯಿ ಸಾಕಿದವರು ಹೇಗೂ ಒಂದೆಡೆ ಸೇರುತ್ತಾರೆ. ಈ ನಾಲ್ಕು ತಾಲ್ಲೂಕುಗಳ ಪಶುವೈದ್ಯಾಧಿಕಾರಿಗಳು ಅಂದು ಅರ್ಧ ಗಂಟೆಯ ಪ್ರಾತ್ಯಕ್ಷಿಕೆಯೊಂದನ್ನು ಸೇರಿಸಲಿ. ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ತಜ್ಞರೊಬ್ಬರನ್ನು ಕರೆಸುವುದು ಅಸಾಧ್ಯವಲ್ಲ. ಸರದಿಯಲ್ಲಿ ನಾಯಿಗಳನ್ನು ಮೂತಿಗೆ ಮೂತಿ ತಾಗುವಂತೆ ನಿಲ್ಲಿಸದೆ, ಆವರಣದಲ್ಲಿ ದೂರದೂರ ಸುಣ್ಣದ ಗೆರೆ ಎಳೆದು ನಿಲ್ಲಿಸಿದರೆ ಪಾಠ ಅಲ್ಲಿಯೇ ಆರಂಭವಾಗುತ್ತದೆ.