ಕೆರೆಯ ಮೇರೆಯೂ ಶಾಸನದ ಅಳತೆಯೂ

ಬೆಂಗಳೂರಿನ ಪೂರ್ವದಿಕ್ಕಿನ ಬೆಳ್ಳಂದೂರು, ವರ್ತೂರು, ವೈಟ್‌ಫೀಲ್ಡ್ ಪ್ರಾಂತಗಳ ನಿವಾಸಿಗಳು ಕೆರೆಯಂಚಿನ ನೆಲವನ್ನು ಉಳಿಸಿಕೊಳ್ಳಲು ಒಂದು ದಶಕಕ್ಕೂ ಮೇಲ್ಪಟ್ಟು ಹೋರಾಡುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ ಸರಿ. ಆ ಹೋರಾಟದ ಫಲವನ್ನು ಶಾಸನಮುಖದಿಂದಲೇ ಕುಗ್ಗಿಸುವ ಪ್ರಯತ್ನವು ಈಚೆಗೆ ನಡೆದಿರುವುದರಿಂದ, ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕೆರೆಯ ಅಂಚಿನಿಂದ 30 ಮೀಟರುಗಳೊಳಗೆ ಕಟ್ಟಡಗಳು ಕೂಡದೆಂಬುದು 2014 ನೆಯ ಇಸವಿಯ ಕೆರೆ ಸಂರಕ್ಷಣಾ ಅಧಿನಿಯಮದ ಕಟ್ಟಳೆ. ಅದೇ ವರ್ಷ, ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ಜೌಗುನೆಲದಲ್ಲಿ ಏಳತೊಡಗಿದ್ದ ಬೃಹತ್ ಕಟ್ಟಡಗಳ ವಿರುದ್ಧವಾಗಿ ಫಾರ್ವರ್ಡ್ ಫೌಂಡೇಷನ್ ಮುಂತಾದ ನಾಗರಿಕ ಸಂಘದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. ಮಂಡಳಿಯವರು 2016 ರ ಮೇ ತಿಂಗಳಲ್ಲಿ ನಗರದ ಕೆರೆಗಳ ಮೀಸಲು ವಲಯವನ್ನು 75 ಮೀಟರುಗಳಿಗೆ ವಿಸ್ತರಿಸಿದರು. 2019 ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಸ್ತರಣೆಯನ್ನು ರದ್ದುಮಾಡಿತು. ಅಷ್ಟು ನೆಲ ಕೆರೆಗೆ ಅನಾವಶ್ಯಕವೆಂದು ನ್ಯಾಯಾಲಯವು ಹೇಳಲಿಲ್ಲ. ನಗರದ ಮಹಾಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗೆ ಇಲ್ಲವೆಂದಿತು. ಅಂದಮೇಲೆ ಹೊಣೆಯು ಸರ್ಕಾರದವರ ಮೇಲೂ ಶಾಸನಸಭೆಯ ಮೇಲೂ ಬಿದ್ದಿತಷ್ಟೆ.

ಆ ಹೊಣೆಯನ್ನು ಅವರು ನಿರ್ವಹಿಸಿದ ಬಗೆ ಏನು? 2025 ರ ಆಗಸ್ಟ್ ತಿಂಗಳಲ್ಲಿ ಶಾಸನಸಭೆಯು ಅಂಗೀಕರಿಸಿದ ತಿದ್ದುಪಡಿ ಮಸೂದೆಯು ಎಲ್ಲ ಕೆರೆಗಳಿಗೂ ಸಮನಾಗಿದ್ದ 30 ಮೀಟರುಗಳ ಮೇರೆಯನ್ನು ವಿಸ್ತೀರ್ಣಾನುಸಾರವಾಗಿ ಹಂಚಿತು. ನೂರು ಎಕರೆಗೆ ಮೀರಿದ ಕೆರೆಗೆ ಮಾತ್ರ ಪೂರ್ಣ 30 ಮೀಟರು. ಹತ್ತರಿಂದ ಇಪ್ಪತ್ತೈದು ಎಕರೆಯ ಕೆರೆಗೆ 12. ಒಂದರಿಂದ ಹತ್ತು ಎಕರೆಯ ಕೆರೆಗೆ ಕೇವಲ 6. ದೊಡ್ಡವನಿಗೆ ದೊಡ್ಡ ಪಾಲು, ಚಿಕ್ಕವನಿಗೆ ಚಿಕ್ಕ ಪಾಲೆಂಬ ಈ ನ್ಯಾಯವು ಮೇಲ್ನೋಟಕ್ಕೆ ಒಪ್ಪಿತವಾಗಿ ಕಾಣಬಹುದು. ನೀರಿನ ವಿಷಯದಲ್ಲಿ ಮಾತ್ರ ಇದು ಅವಿವೇಕವೆಂದೇ ನಮ್ಮ ಸ್ಪಷ್ಟಾಭಿಪ್ರಾಯ.

ಬೆಂಗಳೂರಿಗೆ ಮಹಾನದಿಯ ಆಸರೆಯಿಲ್ಲ. ಆದುದರಿಂದಲೇ ನಮ್ಮ ಹಿಂದಿನವರು ಕಣಿವೆಗಳುದ್ದಕ್ಕೂ ಕೆರೆಗಳನ್ನು ಸರಮಾಲೆಯಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮಾರ್ಗವಾಗಿ ಕೆಳಗಿನ ಕೆರೆಗೆ ಸೇರುವುದು. ಬೆಳ್ಳಂದೂರಿನಿಂದ ವರ್ತೂರಿಗೂ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೂ ಹರಿಯುವುದು. ಈ ಸರದಲ್ಲಿ ಮಳೆಯ ರಭಸವನ್ನು ಮೊದಲು ತಡೆಯತಕ್ಕದ್ದು ಮೇಲಣ ಚಿಕ್ಕ ಕೆರೆ. ಅದರ ಅಂಚನ್ನು ಒತ್ತಿದರೆ ಪೆಟ್ಟು ಬೀಳುವುದು ಕೆಳಗಿನ ದೊಡ್ಡ ಕೆರೆಗೆ, ಅಲ್ಲಿಂದ ಊರಿಗೆ. 2022 ರ ಸೆಪ್ಟೆಂಬರಿನಲ್ಲಿ ಇದೇ ಪ್ರಾಂತದ ರಸ್ತೆಗಳು ಹೊಳೆಗಳಾಗಿ, ದೊಡ್ಡ ಕಂಪನಿಗಳ ನೌಕರರು ಟ್ರಾಕ್ಟರುಗಳನ್ನೂ ದೋಣಿಗಳನ್ನೂ ಹತ್ತಬೇಕಾಗಿ ಬಂದದ್ದನ್ನು ಇಷ್ಟುಬೇಗ ಮರೆಯಬಹುದೆ? ನೊರೆಯೂ ಕೊಳಕೂ ತುಂಬಿದ ಬೆಳ್ಳಂದೂರು ಕೆರೆಯ ಮೇಲೆ 2015 ರಲ್ಲಿಯೂ 2017 ರಲ್ಲಿಯೂ ಬೆಂಕಿಯೇ ಎದ್ದುದನ್ನು ಲೋಕವೆಲ್ಲ ನೋಡಿತು.

ಚಿಕ್ಕ ಕೆರೆಗಳ ಸುತ್ತ ಈಗಾಗಲೇ ಮನೆಗಳೆದ್ದಿವೆ, ರಸ್ತೆಗಳಿಗೆ ಸ್ಥಳ ಬೇಕು ಎಂದು ವಾದಿಸಬಹುದು. ಹಿಂದಾದ ಅತಿಕ್ರಮಣವನ್ನು ಮುಂದಿನ ಅತಿಕ್ರಮಣಕ್ಕೆ ಪ್ರಮಾಣವಾಗಿ ಹಿಡಿಯುವುದು ಯಾವ ನೀತಿ? ಕಷ್ಟದಲ್ಲಿರುವ ಬಡ ನಿವಾಸಿಗಳ ವಿಷಯವನ್ನು ಪ್ರತ್ಯೇಕವಾಗಿ, ದಯೆಯಿಂದ ವಿಚಾರಿಸಲಿ. ಅವರ ಹೆಸರಿನಲ್ಲಿ ಬಹುಮಹಡಿಗಳ ಒಡೆಯರಿಗೆ ದಾರಿ ತೆರೆಯುವುದು ಬೇಡ.

ಈ ನಾಗರಿಕರನ್ನು ಅಭಿವೃದ್ಧಿಯ ವೈರಿಗಳೆಂದು ಜರಿಯುವುದೂ ಅನ್ಯಾಯ. ಸರ್ಜಾಪುರ ರಸ್ತೆಯ ಬಳಿಯ, ಸುಮಾರು 48 ಎಕರೆಯ ಕೈಕೊಂಡ್ರಹಳ್ಳಿ ಕೆರೆಯು ಊರವರೂ ನಗರಪಾಲಿಕೆಯವರೂ ಕೈಗೂಡಿಸಿದುದರಿಂದ ಮತ್ತೆ ಜೀವ ತಳೆಯಿತು. ಹೀಗೆ ದುಡಿದವರ ಮಾತನ್ನು ಶಾಸನ ರಚಿಸುವ ಮೊದಲೇ ಕೇಳಬೇಕಾಗಿತ್ತು.

ನಾವು ಕೋರುವುದಿಷ್ಟೆ: ಚಿಕ್ಕದು ದೊಡ್ಡದೆಂಬ ಭೇದವಿಲ್ಲದೆ 30 ಮೀಟರುಗಳ ಮೇರೆ ನಿಲ್ಲಲಿ, ಪ್ರತಿಯೊಂದು ಕೆರೆಗೂ ರಾಜಕಾಲುವೆಗೂ ಸರ್ವೆಯಾಗಿ ಗಡಿಕಲ್ಲು ನೆಡಲ್ಪಡಲಿ. ಪರರ ಆಳ್ವಿಕೆಯಲ್ಲಾದರೆ ದೂರಲು ಪರರಿದ್ದರು. ಈಗ ಶಾಸನವೂ ನಮ್ಮದು, ಕೆರೆಯೂ ನಮ್ಮದು. ಎರಡರ ಮಾನವನ್ನೂ ಕಾಯತಕ್ಕವರು ನಾವೇ.