ಸಭೆ ಬೆಳೆಯಿತು, ಸಭೆ ನಡೆಸುವವರು ಬೆಳೆದರೇ?

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರ. ಸುತ್ತಲಿನ ಹಳ್ಳಿಗಳಲ್ಲಿ ನಾಲ್ಕಕ್ಷರ ಕಲಿತವರು ಕಲಬುರಗಿ ಸೇರುತ್ತಾರೆ, ಅಲ್ಲಿಂದ ಹೈದರಾಬಾದ್, ಪುಣೆ, ಬೆಂಗಳೂರು. ದುಡಿಮೆ ಅರಸಿ ಹೊರಟ ಕುಟುಂಬಗಳದ್ದೂ ಅದೇ ದಾರಿ. ಇದರ ಬಿಸಿ ಎಲ್ಲ ಸಮುದಾಯಗಳಿಗೂ ತಟ್ಟಿದೆ. ಆದರೆ ಈ ಭಾಗದ ಕ್ರೈಸ್ತರ ಸಂಖ್ಯೆಯೇ ತೀರ ಕಡಿಮೆ. ಹತ್ತಿಪ್ಪತ್ತು ಮನೆಗಳ ಒಂದು ಸಭೆಯಲ್ಲಿ ಹಾಡು ಎತ್ತಿಕೊಡುವ ಹುಡುಗಿ ಮದುವೆಯಾಗಿ ಹೋದರೆ, ಕಾಣಿಕೆ ಲೆಕ್ಕ ಬರೆಯುವ ಹುಡುಗ ನೌಕರಿಗೆಂದು ಊರು ಬಿಟ್ಟರೆ ಅರ್ಧ ಕೆಲಸ ನಿಂತೇಹೋಗುತ್ತದೆ. ಉಳಿಯುವವರು ಪಾಸ್ಟರ್ ಒಬ್ಬರೇ. ಕ್ರಮೇಣ ಎಲ್ಲವೂ ಅವರ ಹೆಗಲಿಗೆ, ಆಮೇಲೆ ಎಲ್ಲವೂ ಅವರ ಕೈಗೆ.

ಹೀಗಿದ್ದರೂ ಸಭಾನಾಯಕರ ಯೋಗ್ಯತೆಯನ್ನು ನಾವು ಅಳೆಯುವುದು ಬೇರೆಯದೇ ಲೆಕ್ಕದಲ್ಲಿ. ಭಾನುವಾರ ಎಷ್ಟು ಜನ ಸೇರುತ್ತಾರೆ, ಕಟ್ಟಡ ಎಷ್ಟು ದೊಡ್ಡದು, ಉಪವಾಸ ಕೂಟಕ್ಕೆ ಎಷ್ಟು ಊರಿನವರು ಬಂದಿದ್ದರು ಎಂದು ಕೇಳುತ್ತೇವೆ. ಅವರು ಒಂದು ತಿಂಗಳು ಹಾಸಿಗೆ ಹಿಡಿದರೆ ವಾಕ್ಯ ಹೇಳುವವರು ಯಾರು, ಆಸ್ಪತ್ರೆಯಲ್ಲಿರುವವರನ್ನು ಹೋಗಿ ನೋಡುವವರು ಯಾರು ಎಂದು ಕೇಳುವುದಿಲ್ಲ. ನನ್ನ ವಾದ ಇದು: ಕಲಬುರಗಿ, ಕಮಲಾಪುರದಂಥ ಕಡೆ ಕ್ರೈಸ್ತ ನಾಯಕರು ಮೊದಲು ಲೆಕ್ಕ ಕೊಡಬೇಕಾದದ್ದು ತಾವು ಬೆಳೆಸಿದ ಜನರದ್ದು. ಉಳಿದ ಲೆಕ್ಕವೆಲ್ಲ ಆಮೇಲೆ.

ಇಲ್ಲಿನವರಿಗೆ ಇದು ಹೊಸ ಮಾತಾಗಬೇಕಿಲ್ಲ. ಬೀದರ್, ಹುಮನಾಬಾದ್, ಕಲಬುರಗಿ, ಯಾದಗಿರಿಗಳಲ್ಲಿ ಬೇರುಬಿಟ್ಟ ಮೆಥೋಡಿಸ್ಟ್ ಸಭೆ ಹುಟ್ಟಿನಿಂದಲೇ ಈ ಪಾಠ ಕಲಿತದ್ದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಈ ಪಂಥದ ಸ್ಥಾಪಕ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಸುಮಾರು ಹನ್ನೆರಡು ಜನರಿಗೆ ಒಬ್ಬರಂತೆ ಮುಖಂಡರನ್ನು ನೇಮಿಸಿದರು. ವಾರಕ್ಕೊಮ್ಮೆ ಅವರು ತಲೆಗೊಂದು ಪೆನ್ನಿ ವಸೂಲು ಮಾಡಬೇಕು, ಕೊಡಲಾಗದ ಬಡವರ ಪಾಲನ್ನು ತಾವೇ ತುಂಬಬೇಕು. ಹಣ ಕೇಳಲು ಮನೆ ಮನೆಗೆ ಹೋದವರಿಗೆ ಮನೆಯೊಳಗಿನ ಸ್ಥಿತಿ ಕಂಡಿತು. ಒಬ್ಬ ಕುಡಿತಕ್ಕೆ ಬಿದ್ದಿದ್ದ, ಇನ್ನೊಂದು ಮನೆಯಲ್ಲಿ ಜಗಳ. ಅದು ವೆಸ್ಲಿಯ ಕಿವಿಗೆ ಬಿದ್ದಾಗ, ಸಾಲ ವಸೂಲಿಯ ಏರ್ಪಾಡು ಜನರನ್ನು ವಿಚಾರಿಸಿಕೊಳ್ಳುವ ಏರ್ಪಾಡಾಗಿ ಬದಲಾಯಿತು. ಆ ಮುಖಂಡರಲ್ಲಿ ಹೆಚ್ಚಿನವರು ದೀಕ್ಷೆ ಪಡೆದ ಪಾದ್ರಿಗಳಲ್ಲ. ಕೈಕಸುಬಿನವರು, ಅಂಗಡಿಯವರು, ಹೆಂಗಸರೂ ಇದ್ದರು. ಹನ್ನೆರಡು ಜನರ ಸುಖದುಃಖ ನೋಡುತ್ತ ನೋಡುತ್ತಲೇ ಅವರು ನಾಯಕರಾದರು. ವೆಸ್ಲಿ ಊರೂರು ಅಲೆಯುತ್ತಿದ್ದರೂ ಸಭೆಗಳು ಚದುರದೆ ಉಳಿದದ್ದು ಇವರಿಂದ.

ಮೆಥೋಡಿಸ್ಟ್ ಸಭಾಪಾಲಕರಿಗೆ ಇಂದಿಗೂ ವರ್ಗಾವಣೆ ತಪ್ಪಿದ್ದಲ್ಲ. ಹೋಗಿಬರುವ ಪಾಲಕರು, ಉಳಿಯುವ ಊರಿನವರು ಎಂಬ ಈ ವ್ಯವಸ್ಥೆ ನಡೆಯಬೇಕಾದರೆ ಊರಿನವರಲ್ಲಿ ಜವಾಬ್ದಾರಿ ಹೊರುವವರು ಇರಲೇಬೇಕು. ಕಥೋಲಿಕ ಗುರುಗಳ ವಿಷಯವೂ ಅಷ್ಟೇ. ಕಲಬುರಗಿ ಧರ್ಮಪ್ರಾಂತ್ಯ ರಚನೆಯಾದದ್ದು 2005ರಲ್ಲಿ. ಅದಕ್ಕಿನ್ನೂ ಚಿಕ್ಕ ವಯಸ್ಸು. ಗುರುಗಳು, ಉಪದೇಶಕರು ಇಲ್ಲಿಯ ಹಳ್ಳಿಗಳಿಂದಲೇ ಎದ್ದು ಬಂದಾಗ ಅದು ಪೂರ್ತಿಯಾಗಿ ಈ ನೆಲದ್ದಾಗುತ್ತದೆ. ಸ್ವತಂತ್ರ ಸಭೆಗಳ ಕಷ್ಟ ಬೇರೆ. ಅಲ್ಲಿ ವರ್ಗಾವಣೆಯಿಲ್ಲ, ಕಟ್ಟಿದವರೇ ಕೊನೆಯವರೆಗೆ, ಅವರ ನಂತರ ಹಲವು ಕಡೆ ಮಗ ಅಥವಾ ಅಳಿಯ. ಮಗನಿಗೆ ಕರೆಯಿದ್ದರೆ ತಪ್ಪಿಲ್ಲ. ಆದರೆ ಇಪ್ಪತ್ತು ವರ್ಷ ಚಾಪೆ ಹಾಸಿದ, ಡೋಲಕ್ ಬಾರಿಸಿದ, ರಾತ್ರಿ ಹೊತ್ತು ರೋಗಿಗಳ ಬಳಿ ಕೂತ ಮನುಷ್ಯನ ಹೆಸರನ್ನು ಯಾರೂ ಎತ್ತದೇ ಹೋದರೆ, ಆ ಸಭೆಯಲ್ಲಿ ಶಿಷ್ಯತ್ವದ ಬೋಧನೆಗೆ ಅರ್ಥ ಉಳಿಯುವುದಿಲ್ಲ.

ಕನ್ನಡ ನಾಡಿನಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. 'ಮಂಗಳೂರ ಸಮಾಚಾರ' ಹೊರಡಿಸಿದ ಮಿಷನರಿ ಹರ್ಮನ್ ಮೋಗ್ಲಿಂಗ್ ಎಲ್ಲರಿಗೂ ಗೊತ್ತು. ಅವರು ಬೆಳೆಸಿದ ಆನಂದರಾವ್ ಕೌಂಡಿನ್ಯ ಎಷ್ಟು ಜನರಿಗೆ ಗೊತ್ತು? ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದಿದ ಈ ಸಾರಸ್ವತ ತರುಣ 1844ರಲ್ಲಿ ಕ್ರೈಸ್ತನಾದ. ಮೋಗ್ಲಿಂಗ್ ಅವನನ್ನು ಯುರೋಪಿಗೆ ಕರೆದೊಯ್ದು ಬಾಸೆಲ್‌ನಲ್ಲಿ ಓದಿಸಿದರು. 1851ರಲ್ಲಿ ದೀಕ್ಷೆ ಪಡೆದು ಮರಳಿದ ಕೌಂಡಿನ್ಯ ಯುರೋಪಿಯನ್ ಮಿಷನರಿಗಳ ಸಾಲಿನಲ್ಲಿ ನಿಂತು ದುಡಿದರು. ಮಂಗಳೂರಿನಲ್ಲಿ ಬೋಧಕರನ್ನು ತಯಾರು ಮಾಡಿದರು. ಜೀತದಿಂದ ಬಿಡಿಸಿಕೊಂಡ ಹೊಲೆಯ ಕುಟುಂಬಗಳಿಗಾಗಿ ಕೊಡಗಿನ ಆನಂದಪುರ ನೆಲೆಗೊಂಡಾಗ ಮೋಗ್ಲಿಂಗ್ ಜತೆ ಕೈಜೋಡಿಸಿದರು. 1860ರಲ್ಲಿ ಮೋಗ್ಲಿಂಗ್ ಭಾರತ ಬಿಟ್ಟು ಹೋದರು. ಕೌಂಡಿನ್ಯರ ಸೇವೆ ಆಮೇಲೂ ದಶಕಗಳ ಕಾಲ ನಡೆಯಿತು.

ಕಲಬುರಗಿಯಂತೆಯೇ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ದೋರ್ನಕಲ್‌ನಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ವಿ.ಎಸ್. ಅಜರಾಯ, ದಲಿತ ಕುಟುಂಬಗಳ ಮೊದಲ ತಲೆಮಾರಿನ ಅಕ್ಷರಸ್ಥರನ್ನೇ ಗ್ರಾಮ ಬೋಧಕರಾಗಿ, ಗುರುಗಳಾಗಿ ತರಬೇತಿಗೊಳಿಸಿದರು. ಗಂಡನ ಜತೆ ಹೆಂಡತಿಗೂ ತರಬೇತಿ ಕೊಡಿಸಿದರು. 1930ರ ದಶಕದ ನಡುವಿಗೆ ಅವರ ಧರ್ಮಪ್ರಾಂತ್ಯದಲ್ಲಿ ಸುಮಾರು 250 ಭಾರತೀಯ ಗುರುಗಳೂ 2,000ಕ್ಕೂ ಹೆಚ್ಚು ಗ್ರಾಮ ಬೋಧಕರೂ ಇದ್ದರು. ಇವರಿಗೆ ಓದು ಸಾಲದು, ಇವರಿಂದೇನಾದೀತು ಎಂದು ಅಜರಾಯ ಕೈಚೆಲ್ಲಲಿಲ್ಲ. ನಮ್ಮಲ್ಲಿ ಇಂದಿಗೂ ಆ ನೆಪ ಕೇಳಿಬರುತ್ತದೆ. ಕಲಬುರಗಿ–ಬೀದರ್ ಭಾಗದ ಸಭೆಗಳಲ್ಲಿ ಹೆಚ್ಚಿನವರು ದಲಿತ ಹಿನ್ನೆಲೆಯವರೇ ಆಗಿರುವಾಗ ಈ ನೆಪ ಹೇಳುವುದು ತಪ್ಪು ಮಾತ್ರವಲ್ಲ, ಅನ್ಯಾಯ.

ಬೆಳೆಸುವುದರಲ್ಲೂ ಅಪಾಯವಿದೆ. ಗುರುವಿನ ಮಾತಿನ ಧಾಟಿ, ಕೈಬೀಸುವ ರೀತಿಯನ್ನೇ ಅನುಕರಿಸುವವರು ತಯಾರಾದರೆ ಪ್ರಯೋಜನವಿಲ್ಲ. ದೇವರ ಹೆಸರಿನಲ್ಲಿ ಪ್ರಶ್ನೆಯನ್ನೇ ಅಡಗಿಸುವ ಹಿಡಿತ ಅದಕ್ಕಿಂತ ಕೆಟ್ಟದ್ದು. ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬನ ನಡತೆ ನೋಡಬೇಕು. ಪೌಲನನ್ನು ಯಾರೂ ನಂಬದಿದ್ದಾಗ ಕೈಹಿಡಿದು ಮುಂದೆ ತಂದವನು ಅವನು. ಪೌಲ ತನಗಿಂತ ದೊಡ್ಡವನಾದಾಗ ಹಿಂದೆ ಸರಿದವನೂ ಅವನೇ. ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನಿಗೆ ಎರಡನೇ ಅವಕಾಶ ಕೊಡಲು ಅದೇ ಪೌಲನ ಜತೆ ಜಗಳವನ್ನೂ ಆಡಿದ. ಎಡವಿದ ಹುಡುಗನ ಪರ ನಿಲ್ಲುವ ಇಂಥ ಹಿರಿಯರು ನಮ್ಮ ಸಭೆಗಳಿಗೆ ಬೇಕು. ಹಾಗೆಯೇ, ಸಭೆ ತುಂಬಿಸುವವರು ಹೆಂಗಸರು, ಮನೆ ಮನೆ ಪ್ರಾರ್ಥನೆ ನಡೆಸುವವರು ಹೆಂಗಸರು, ಕಮಿಟಿಯಲ್ಲಿ ಕೂರುವವರು ಮಾತ್ರ ಗಂಡಸರು ಎಂಬ ಸ್ಥಿತಿ ಬದಲಾಗದೆ ನಾಯಕರನ್ನು ಬೆಳೆಸುತ್ತೇವೆ ಎನ್ನುವುದು ಬರಿಮಾತು.

ಒಬ್ಬರ ಸಂಗದಲ್ಲಿ ಇನ್ನೊಬ್ಬರು ಬೆಳೆಯುವ ಪರಿಪಾಠ ಈ ನೆಲಕ್ಕೆ ಹೊರಗಿನದಲ್ಲ. ಬಸವಕಲ್ಯಾಣದ ಶರಣರ ಗೋಷ್ಠಿ, ಬಂದೇ ನವಾಜರ ಸೂಫಿ ಪರಂಪರೆ ಎರಡೂ ಇಲ್ಲಿಯವೇ. ಊರಿನವರ ಕಣ್ಣೆದುರೇ ಬೆಳೆದ ಸಭಾನಾಯಕನಿಗೆ ಮಠದಲ್ಲೂ ದರ್ಗಾದಲ್ಲೂ ಪಂಚಾಯಿತಿಯಲ್ಲೂ ಪರಿಚಯದವರಿರುತ್ತಾರೆ. ಅನುಮಾನ ಬೇಗ ಹಬ್ಬುವ ಈ ಕಾಲದಲ್ಲಿ ಆ ಪರಿಚಯವೇ ಚಿಕ್ಕ ಸಮುದಾಯಕ್ಕೆ ದೊಡ್ಡ ಆಸರೆ.

ಕಲಬುರಗಿಯ ದೊಡ್ಡ ಸಭೆಗಳು ಕಮಲಾಪುರದ ಕಡೆಯ ಹಳ್ಳಿಗಳಿಗೆ ಹಬ್ಬದಲ್ಲಿ ಬಟ್ಟೆಬರೆ ಕಳಿಸಿ ಸುಮ್ಮನಾಗಬಾರದು. ಓದಲು ನಗರಕ್ಕೆ ಬರುವ ಅಲ್ಲಿಯ ಹುಡುಗ–ಹುಡುಗಿಯರನ್ನು ಹೆಸರು ಹಿಡಿದು ಗುರುತಿಸಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಹಿರಿಯರನ್ನು ಜತೆಮಾಡಬೇಕು. ಸಂಡೇ ಸ್ಕೂಲ್, ಲೆಕ್ಕಪತ್ರ, ರೋಗಿಗಳ ಭೇಟಿಯ ಕೆಲಸವನ್ನು ಈಗಲೇ ಅವರ ಕೈಗೆ ಕೊಡಬೇಕು. ಸಭೆಯ ಹಿರಿಯರಲ್ಲಿ ನನ್ನ ಮನವಿ: ಮುಂದಿನ ವಾರ್ಷಿಕ ವರದಿಯಲ್ಲಿ ಕಾಣಿಕೆಯ ಮೊತ್ತ ಓದುವ ಮೊದಲು, ಈ ವರ್ಷ ಯಾರ ಕೈಗೆ ಯಾವ ಕೆಲಸ ಒಪ್ಪಿಸಿದಿರಿ ಎಂಬುದನ್ನು ಹೆಸರು ಸಮೇತ ಓದಿ ಹೇಳಿ.